ಮೂರು ಊರಿಗೂ ಒಂದೇ ವಿಳಾಸ!

ನಿಮಗಿದು ಗೊತ್ತೆ? ಕೊಪ್ಪದ ಮನೆ, ಶೃಂಗೇರಿಯ ಅಂಗಡಿ, ನರಸಿಂಹರಾಜಪುರದ ತೋಟದ ಮನೆ, ಈ ಮೂರೂ ಕಡೆಯ ರೂಟರ್‌ಗೆ 192.168.1.1 ಎಂಬ ಒಂದೇ ವಿಳಾಸ ಇರಬಹುದು, ತಕರಾರೇ ಇಲ್ಲ! 192.168ರಿಂದ ಶುರುವಾಗುವ 65,536 ವಿಳಾಸಗಳು ಖಾಸಗಿ ಜಾಲಗಳಿಗೆಂದೇ ಮೀಸಲು. 1996ರಿಂದ ಜಾರಿಯಲ್ಲಿರುವ ನಿಯಮವಿದು. ಹೊರಗಿನ ಇಂಟರ್ನೆಟ್‌ನಲ್ಲಿ ಇವು ನಡೆಯುವುದಿಲ್ಲ.

ಜಗಳ ಹುಟ್ಟುವುದು ಒಂದೇ ಸೂರಿನಡಿ. ಮಲೆನಾಡಿನ ದೊಡ್ಡ ಮನೆಯಲ್ಲಿ ಜಗಲಿಯ ವೈಫೈ ಅಡುಗೆಮನೆ ಮುಟ್ಟುವುದಿಲ್ಲವೆಂದು ಇನ್ನೊಂದು ರೂಟರ್ ತಂದು ಮೊದಲನೆಯದಕ್ಕೆ ಕೇಬಲ್‌ನಲ್ಲಿ ಜೋಡಿಸುತ್ತೀರಿ. ಎರಡಕ್ಕೂ ಅದೇ ವಿಳಾಸವಿದ್ದರೆ ನೆಟ್ ಕೈಕೊಡಬಹುದು. ಕಂಪನಿಯವರನ್ನು ಬೈಯುವ ಮುನ್ನ ಹೊಸ ರೂಟರ್‌ನ ‘ಲ್ಯಾನ್’ ಪುಟದಲ್ಲಿ ವಿಳಾಸವನ್ನು 192.168.2.1 ಎಂದು ಬದಲಿಸಿ, ಸೇವ್ ಮಾಡಿ. ಮುಂದೆ ಅದರ ಸೆಟ್ಟಿಂಗ್ಸ್ ತೆರೆಯಲು ಹೊಸ ವಿಳಾಸವನ್ನೇ ಟೈಪ್ ಮಾಡಬೇಕು.