ಬಿಸಿ ಹಿಡಿಯುವ ಕ್ಯಾಮೆರಾ ಬಂತು, ಲೆನ್ಸ್ ಯಾವುದು ಅಂತ ಕೇಳಿದ್ರಾ?

2020ರ ಕೊರೋನಾ ಕಾಲದಲ್ಲಿ ಅಂಗಡಿ ಬಾಗಿಲಲ್ಲೇ ಹಣೆಗೆ ಗನ್ ಹಿಡಿಸಿಕೊಂಡು ಒಳಗೆ ಹೋದದ್ದು ಯಾರಿಗೆ ನೆನಪಿಲ್ಲ? ಆ ಗನ್ನು ಒಂದು ಜಾಗದ ಬಿಸಿಯನ್ನಷ್ಟೇ ಹೇಳುತ್ತಿತ್ತು. ಅಂಥ 76,800 ಗನ್ನುಗಳನ್ನು ಒಂದೇ ಡಬ್ಬಿಗೆ ತುಂಬಿದರೆ ಹೇಗೋ ಹಾಗಿದೆ ಥರ್ಮಲ್ ಕ್ಯಾಮೆರಾ. ಅಡ್ಡಕ್ಕೆ 320, ಉದ್ದಕ್ಕೆ 240 ಚುಕ್ಕೆ. ಒಂದೊಂದು ಚುಕ್ಕೆಗೂ ಒಂದೊಂದು ಬಿಸಿ.

ಮೊನ್ನೆ ನಮ್ಮ ಪೇಟೆ ಬೀದಿಯ ಜವಳಿ ಅಂಗಡಿಗೆ ವೈರಿಂಗ್ ಕಂಟ್ರಾಕ್ಟರ್ ಒಬ್ಬರು ಇದನ್ನು ತಂದಿದ್ದರು. ಯಜಮಾನರಿಗೆ ಕುತೂಹಲ.

"ಏನ್ರೀ, ಗೋಡೆ ಆಚೆಗೂ ಕಾಣ್ತದಾ?"

"ಗೋಡೆ ಇರಲಿ ಯಜಮಾನ್ರೇ, ಗಾಜಿನ ಆಚೆಗೂ ಕಾಣಲ್ಲ."

ಷೋಕೇಸಿಗೆ ಹಿಡಿದು ತೋರಿಸಿದರು. ಒಳಗಿನ ಸೀರೆ ಕಾಣಲಿಲ್ಲ, ಯಜಮಾನರ ಮುಖದ ಬಿಸಿಯೇ ಮಸುಕಾಗಿ ವಾಪಸು ಬಂತು! ಈ ಕ್ಯಾಮೆರಾ ಹಿಡಿಯುವ ಅವಕೆಂಪು ಕಿರಣ ಗಾಜನ್ನು ದಾಟುವುದಿಲ್ಲ. ಹಾಗಾಗಿ ಇದರ ಲೆನ್ಸ್ ಕೂಡ ಗಾಜಿನದಲ್ಲ, ಹೆಚ್ಚಾಗಿ ಜರ್ಮೇನಿಯಂನದು. ನಮ್ಮ ಕಣ್ಣಿಗೆ ಉಜ್ಜಿದ ಲೋಹದ ಬಿಲ್ಲೆ, ಕ್ಯಾಮೆರಾಕ್ಕೆ ತೆರೆದ ಕಿಟಕಿ. ಮೊದಲೇ ತುಟ್ಟಿ ಪದಾರ್ಥ. ಸಾಲದ್ದಕ್ಕೆ 2023ರ ಆಗಸ್ಟ್‌ನಲ್ಲಿ ಚೀನಾ ಇದರ ರಫ್ತಿಗೆ ಲೈಸೆನ್ಸ್ ಕಟ್ಟುಪಾಡು ತಂದಿತು. ಹೆಚ್ಚುವರಿ ಲೆನ್ಸ್ ಎಲ್ಲರ ಚೀಲದಲ್ಲೂ ಇರದಿರುವುದಕ್ಕೆ ಈ ಬೆಲೆಯೇ ಕಾರಣ.

ಮೀಟರ್ ಬೋರ್ಡಿನ ಮುಚ್ಚಳ ತೆಗೆಸಿ ನೋಡಿದರೆ ಎರಡು ವೈರು ನೀಲಿ, ಮೂರನೆಯದರ ಬುಡ ಹಳದಿ ಬಿಳಿ. ಲೂಸ್ ಕನೆಕ್ಷನ್. ಮೇನ್ ಆಫ್ ಮಾಡಿ ಸ್ಕ್ರೂ ಬಿಗಿದರು, ಐದು ನಿಮಿಷದ ಕೆಲಸ. ಬಟ್ಟೆ ರಾಶಿಯ ಪಕ್ಕದಲ್ಲೇ ಅದು ಎಷ್ಟು ದಿನದಿಂದ ಕಾಯುತ್ತಿತ್ತೋ!

"ಹಾಗೇ ಆ ಕಂಬಾನೂ ನೋಡ್ಬಿಡಿ," ಅಂದರು ಯಜಮಾನರು. ಕಂಬ ರಸ್ತೆಯಾಚೆ, ಸುಮಾರು 30 ಮೀಟರ್.

"ಈ ಲೆನ್ಸಿಗೆ ಆಗಲ್ಲ."

ಇಷ್ಟು ನೇರವಾಗಿ ಹೇಳುವವರು ಕಡಿಮೆ. ಅವರ ಕೈಲಿದ್ದದ್ದು 24 ಡಿಗ್ರಿ ನೋಟದ ಮಾಮೂಲಿ ಲೆನ್ಸ್. 30 ಮೀಟರ್ ದೂರದಲ್ಲಿ ಅದರ ಒಂದು ಚುಕ್ಕೆ 4 ಸೆಂಟಿಮೀಟರ್ ಅಗಲ ಆವರಿಸುತ್ತದೆ. ಕಂಬದ ಮೇಲಿನ ಕ್ಲ್ಯಾಂಪೂ ಅಷ್ಟೇ ಇದ್ದರೆ, ಅದರ ಬಿಸಿ ಪಕ್ಕದ ತಣ್ಣನೆ ಆಕಾಶದ ಜೊತೆ ಬೆರೆತು ಕಾದ ಕ್ಲ್ಯಾಂಪೂ ಬರೀ ಬೆಚ್ಚಗೆ ಕಾಣುತ್ತದೆ. 'ಎಲ್ಲಾ ಸರಿ ಇದೆ' ಅಂತ ಚೀಟಿ ಬರೆದು ದುಡ್ಡು ಎಣಿಸಿಕೊಂಡು ಹೋಗಬಹುದು! 7 ಡಿಗ್ರಿಯ ದೂರದ ಲೆನ್ಸ್ ಹಾಕಿದರೆ ಅದೇ ಕ್ಲ್ಯಾಂಪಿನ ಅಡ್ಡಕ್ಕೆ ಮೂರು ಚುಕ್ಕೆ ಕೂರುತ್ತವೆ, ಆಗ ಲೆಕ್ಕ ನಂಬಬಹುದು. ಮೆಟ್ಟಿಲ ಕೆಳಗೆ ಹಿಂದೆ ಸರಿಯಲು ಜಾಗವಿಲ್ಲದ ಬೋರ್ಡಿಗೆ ಬೇಕಾದ್ದು ಉಲ್ಟಾ, 45 ಡಿಗ್ರಿಯದು. ಹಾಗಂತ ಇವರ ಲೆನ್ಸ್ ಅವರ ಕ್ಯಾಮೆರಾಕ್ಕೆ ತಿರುಗಿಸಿದರೆ ಆಗದು. ಹಲವು ಕ್ಯಾಮೆರಾಗಳಲ್ಲಿ ಲೆನ್ಸಿಗೂ ಯಂತ್ರಕ್ಕೂ ಜೋಡಿ ತಾಳೆ ನೋಡಿಸಿರಬೇಕು.

ಅಂದಹಾಗೆ, ಈ ವಿದ್ಯೆ ಹೊಸದೇನಲ್ಲ. 1965ರಲ್ಲೇ ಸ್ವೀಡನ್ನಿನಲ್ಲಿ ವಿದ್ಯುತ್ ಲೈನ್ ತಪಾಸಣೆಗೆಂದು ಇಂಥ ಯಂತ್ರ ಮಾರಾಟಕ್ಕೆ ಬಂದಿತ್ತು.

ಕಂಬ ಅಂಗಡಿಯವರ ಸ್ವತ್ತಲ್ಲವಲ್ಲ, ಅದರ ಪಟ ತೆಗೆದು ಸೆಕ್ಷನ್ ಆಫೀಸಿಗೆ ಅರ್ಜಿ ಕೊಡುವುದೆಂದು ಮಾತಾಯಿತು. ಕಂಟ್ರಾಕ್ಟರ್ ಗುರುವಾರ ದೂರದ ಲೆನ್ಸ್ ತರುತ್ತಾರಂತೆ.

"ಬೆಳಗ್ಗೆ ಬರ್ಲಾ?"

"ಬೇಡ್ರೀ, ಸಂಜೆ ಏಳಕ್ಕೆ ಬನ್ನಿ. ಬೀದಿ ಲೈಟೆಲ್ಲಾ ಉರೀತಿರ್ತದೆ."

ಯಜಮಾನರ ಮಾತು ಸರಿ. ಕರೆಂಟು ಎರಡು ಪಟ್ಟಾದರೆ ಲೂಸ್ ಜಾಗದ ಬಿಸಿ ಹುಟ್ಟುವುದು ನಾಲ್ಕು ಪಟ್ಟು.