204 ಅಶ್ವಶಕ್ತಿಯ ಎರಡು ಬಗೆ

ಟೊಯೊಟಾ ಫಾರ್ಚೂನರ್‌ನ 2.8 ಲೀಟರ್ ಡೀಸೆಲ್ ಎಂಜಿನ್ನಿನ ಗರಿಷ್ಠ ಶಕ್ತಿ 204 ಪಿಎಸ್. 2025ರ ಏಪ್ರಿಲ್‌ನಲ್ಲಿ ಭಾರತದ ಮಾರುಕಟ್ಟೆಗೆ ಬಂದ ಎರಡನೆಯ ಪೀಳಿಗೆಯ ಸ್ಕೋಡಾ ಕೋಡಿಯಾಕ್‌ನ 2 ಲೀಟರ್ ಪೆಟ್ರೋಲ್ ಎಂಜಿನ್ನಿನ ಗರಿಷ್ಠ ಶಕ್ತಿಯೂ 204 ಪಿಎಸ್. ಫಾರ್ಚೂನರ್‌ನ ಉದ್ದ 4,795 ಮಿ.ಮೀ., ಕೋಡಿಯಾಕ್‌ನ ಉದ್ದ 4,758 ಮಿ.ಮೀ.; ಎರಡರಲ್ಲೂ ಮೂರು ಸಾಲಿನ, ಏಳು ಆಸನಗಳ ಮಾದರಿಗಳಿವೆ. ಶೋರೂಮಿನಲ್ಲಿ ಕೈಗಿಡುವ ಕರಪತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ ಇವೆರಡೂ ಒಂದೇ ಬಗೆಯ ವಾಹನಗಳೆಂದೂ, ಆಯ್ಕೆಯು ಕೇವಲ ರೂಪ ಮತ್ತು ಹೆಸರಿಗೆ ಸಂಬಂಧಿಸಿದ್ದೆಂದೂ ತೋರುವುದು ಸಹಜ. ಆದರೆ ದೊಡ್ಡ ಎಸ್‌ಯುವಿಗಳ ನಡುವಿನ ನಿಜವಾದ ವ್ಯತ್ಯಾಸವು ಕರಪತ್ರದ ಮೊದಲ ಪುಟದಲ್ಲಿ ಕಾಣದ ಎರಡು ಸಂಗತಿಗಳಲ್ಲಿ, ಅಂದರೆ ವಾಹನದ ಅಸ್ಥಿಪಂಜರ ಯಾವ ಬಗೆಯದು ಮತ್ತು ಅದನ್ನು ಕೊಳ್ಳುವ ಮನೆಯವರು ದಿನವೂ ಯಾವ ರಸ್ತೆಯಲ್ಲಿ ಓಡಾಡುತ್ತಾರೆ ಎಂಬುದರಲ್ಲಿ ಅಡಗಿದೆ.

ಈ ಎರಡನೆಯ ಸಂಗತಿಗೆ ಬೆಂಗಳೂರಿನ ಉತ್ತರದಂಚಿನ ಸೋಲದೇವನಹಳ್ಳಿ ತಕ್ಕ ಉದಾಹರಣೆಯಾಗಿದೆ. ಯಶವಂತಪುರದಿಂದ ತುಮಕೂರಿಗೆ ಹೋಗುವ ರೈಲುಮಾರ್ಗದಲ್ಲಿ ಚಿಕ್ಕಬಾಣಾವರದ ಮುಂದಿನ ನಿಲ್ದಾಣವಾದ ಈ ಊರು ಆಚಾರ್ಯ ವಿದ್ಯಾಸಂಸ್ಥೆಗಳಿಂದಾಗಿ ಹೊರಗಿನವರಿಗೂ ಪರಿಚಿತವಾಗಿದೆ. ಇಲ್ಲಿನ ಕುಟುಂಬವೊಂದರ ವಾಹನವು ವಾರದ ದಿನಗಳಲ್ಲಿ ಹೆಸರಘಟ್ಟ ರಸ್ತೆಯ ಉಬ್ಬುತಗ್ಗುಗಳನ್ನೂ ಯಶವಂತಪುರದ ದಿಕ್ಕಿನ ದಟ್ಟಣೆಯನ್ನೂ ದಾಟಬೇಕಾಗುತ್ತದೆ. ರಜೆ ಬಂದರೆ ನೆಲಮಂಗಲದಲ್ಲಿ ಕವಲೊಡೆಯುವ ಹೆದ್ದಾರಿಗಳಲ್ಲಿ ಒಂದನ್ನು ಹಿಡಿದು ತುಮಕೂರಿನ ಕಡೆಗೋ, ಹಾಸನ ಮತ್ತು ಶಿರಾಡಿ ಘಾಟಿಯ ಮೂಲಕ ಕರಾವಳಿಗೋ ಹೋಗಬೇಕಾಗುತ್ತದೆ. ಒಂದೇ ವಾಹನ ಈ ಎರಡೂ ಬಗೆಯ ಸಂಚಾರಕ್ಕೆ ಒದಗಬೇಕೆಂಬ ನಿರೀಕ್ಷೆಯೇ ಆಯ್ಕೆಯನ್ನು ಕಠಿಣಗೊಳಿಸುತ್ತದೆ.

ಫಾರ್ಚೂನರ್‌ನ ಅಸ್ಥಿಪಂಜರವನ್ನು ಏಣಿ ಚೌಕಟ್ಟು ಅಥವಾ ಲ್ಯಾಡರ್ ಫ್ರೇಮ್ ಎನ್ನುತ್ತಾರೆ. ಎರಡು ಉದ್ದನೆಯ ಉಕ್ಕಿನ ತೊಲೆಗಳನ್ನು ಅಡ್ಡಪಟ್ಟಿಗಳಿಂದ ಬೆಸೆದು ಏಣಿಯಂತಹ ಚಾಸಿಯೊಂದನ್ನು ಸಿದ್ಧಪಡಿಸಿ, ಅದರ ಮೇಲೆ ದೇಹಭಾಗವನ್ನು ಬೋಲ್ಟುಗಳಿಂದ ಬಿಗಿಯುವ ಈ ಕ್ರಮವು ಲಾರಿಗಳದ್ದೂ ಹೌದು. ಎತ್ತಿನ ಬಂಡಿಯ ತಳವನ್ನು ಗಮನಿಸಿದವರಿಗೆ ಇದರ ತತ್ತ್ವ ಹೊಸದೇನಲ್ಲ. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ ಈ ಬಗೆಯ ಚೌಕಟ್ಟಿನ ಮೇಲೆ ಮೊದಲು ಕ್ವಾಲಿಸ್, ಬಳಿಕ ಇನ್ನೋವಾ, 2009ರಲ್ಲಿ ಫಾರ್ಚೂನರ್ ಹೊರಬಂದವು. ಕರ್ನಾಟಕದ ರಸ್ತೆಗಳಲ್ಲಿ ಈ ವಾಹನಗಳು ಗಳಿಸಿದ ಗಟ್ಟಿತನದ ಖ್ಯಾತಿಗೆ ಈ ಚೌಕಟ್ಟೂ ಒಂದು ಮುಖ್ಯ ಕಾರಣ. ಕೋಡಿಯಾಕ್‌ನದು ಮೊನೊಕಾಕ್ ರಚನೆ. ಫ್ರೆಂಚ್ ಮೂಲದ ಈ ಪದಕ್ಕೆ ಒಂದೇ ಚಿಪ್ಪು ಎಂದು ಅರ್ಥ. ತೆಂಗಿನ ಕರಟಕ್ಕೆ ಒಳಗಿನಿಂದ ಬೇರೆ ಆಸರೆ ಬೇಕಾಗದೆ ಕರಟವೇ ಭಾರ ತಾಳುವಂತೆ, ಇಲ್ಲಿ ನೆಲ, ಕಂಬ, ಚಾವಣಿಗಳು ಒಟ್ಟಾಗಿ ಬೆಸೆದುಕೊಂಡು ದೇಹವೇ ಚೌಕಟ್ಟಿನ ಕೆಲಸ ಮಾಡುತ್ತದೆ.

ಈ ಒಂದು ಭೇದದಿಂದಲೇ ಉಳಿದ ಹೆಚ್ಚಿನ ಭೇದಗಳು ಹುಟ್ಟುತ್ತವೆ. ಏಣಿ ಚೌಕಟ್ಟಿನ ಮೇಲೆ ನೆಲ ಕೂರುವುದರಿಂದ ಫಾರ್ಚೂನರ್‌ನ ಎತ್ತರ 1,835 ಮಿ.ಮೀ. ತಲುಪಿದರೆ, ಕೋಡಿಯಾಕ್ 1,679 ಮಿ.ಮೀ.ಗೆ ನಿಲ್ಲುತ್ತದೆ, ಮೊಣಕಾಲು ನೋವಿರುವ ಅಜ್ಜಿಯೊಬ್ಬರು ಒಂದಕ್ಕೆ ಪಾದಪಟ್ಟಿಯ ಮೇಲೆ ಕಾಲಿಟ್ಟು ಹತ್ತಬೇಕಾಗುತ್ತದೆ, ಇನ್ನೊಂದರಲ್ಲಿ ಹೆಚ್ಚುಕಡಿಮೆ ಕಾರಿನಲ್ಲಿ ಕೂರುವಂತೆ ಕೂರಬಹುದು. ಫಾರ್ಚೂನರ್‌ನ ಹಿಂದಿನ ಎರಡು ಚಕ್ರಗಳನ್ನು ಒಂದೇ ಗಟ್ಟಿ ಅಚ್ಚು ಜೋಡಿಸಿರುವುದರಿಂದ ಒಂದು ಚಕ್ರ ಗುಂಡಿಗೆ ಬಿದ್ದಾಗ ಅದರ ಅಲುಗಾಟ ಇನ್ನೊಂದಕ್ಕೂ ದಾಟುತ್ತದೆ; ಕೋಡಿಯಾಕ್‌ನಲ್ಲಿ ಹಿಂದಿನ ಚಕ್ರಗಳ ಸಸ್ಪೆನ್ಷನ್ ಸ್ವತಂತ್ರವಾಗಿರುವುದರಿಂದ ಆ ಅಲುಗಾಟ ಅಷ್ಟಾಗಿ ಒಳಗೆ ಬರುವುದಿಲ್ಲ. ಆದರೆ ಹೊಲದ ಬದುವಿನ ಪಕ್ಕದ ಕಚ್ಚಾದಾರಿ, ಮಳೆಗೆ ಕೊರೆದುಹೋದ ತೋಟದ ದಾರಿಗಳಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ಕೋಡಿಯಾಕ್‌ನ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ವಾಹನದ ತಳಕ್ಕೂ ನೆಲಕ್ಕೂ ಇರುವ ಕನಿಷ್ಠ ಅಂತರ, ಸುಮಾರು 155 ಮಿ.ಮೀ. ಮಾತ್ರವಾಗಿದ್ದು, ಫಾರ್ಚೂನರ್‌ನಲ್ಲಿ ಅದು 200 ಮಿ.ಮೀ. ಮೀರುತ್ತದೆ. ಏಳು ಜನ ಕುಳಿತು ಸಾಮಾನು ತುಂಬಿದಾಗ ವಾಹನ ಇನ್ನಷ್ಟು ತಗ್ಗುವುದರಿಂದ, ಲೆಕ್ಕವಿಲ್ಲದೆ ಎತ್ತರಕ್ಕೆ ಕಟ್ಟಿದ ರಸ್ತೆಯುಬ್ಬುಗಳಿರುವ ಬಡಾವಣೆಗಳಲ್ಲಿ ಈ ಅಂತರ ಅಲಕ್ಷಿಸುವಂಥದ್ದಲ್ಲ.

ಎತ್ತರದ ವಾಹನವು ನಿಂತ ನೀರನ್ನು ದಾಟಿಸುತ್ತದೆ ಎಂಬ ಭಾವನೆಗೆ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. 2023ರ ಮೇ ತಿಂಗಳಲ್ಲಿ ಬೆಂಗಳೂರಿನ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ಮಳೆನೀರಿಗೆ ಸಿಲುಕಿದ ಕಾರಿನಲ್ಲಿದ್ದ ಯುವತಿಯೊಬ್ಬರು ಪ್ರಾಣ ಕಳೆದುಕೊಂಡರು. ಕೆಳಸೇತುವೆಯಲ್ಲಿ ನೀರಿನ ಆಳವನ್ನು ಕಣ್ಣಳತೆಯಿಂದ ತಿಳಿಯಲಾಗದು. ಯಾವ ಎಸ್‌ಯುವಿಯ ಎತ್ತರವನ್ನೂ ಅಲ್ಲಿ ನಂಬಿ ಇಳಿಯುವಂತಿಲ್ಲ.

204 ಎಂಬ ಅಂಕಿಗೆ ಮರಳಿದರೆ, ಪಿಎಸ್ ಎಂಬುದು ಮೆಟ್ರಿಕ್ ಅಶ್ವಶಕ್ತಿ, 75 ಕೆ.ಜಿ. ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಮೇಲೆತ್ತುವ ಶಕ್ತಿಗೆ ಒಂದು ಪಿಎಸ್ ಎನ್ನುತ್ತಾರೆ. ಇದರ ಜೊತೆಗೆ ಟಾರ್ಕ್ ಅಥವಾ ತಿರುಗುಬಲವನ್ನೂ ನೋಡಬೇಕು. ಗಾಣದ ಎತ್ತು ಕೋಲನ್ನು ಎಷ್ಟು ಬಲವಾಗಿ ಎಳೆಯುತ್ತದೆ ಎಂಬುದು ತಿರುಗುಬಲಕ್ಕೆ ಸಂಬಂಧಿಸಿದ್ದು. ಅದೇ ಬಲದಿಂದ ಎಷ್ಟು ಬೇಗ ಸುತ್ತು ಹಾಕುತ್ತದೆ ಎಂಬುದನ್ನೂ ಸೇರಿಸಿದರೆ ಸಿಗುವುದು ಶಕ್ತಿ. ಆಟೊಮ್ಯಾಟಿಕ್ ಗೇರಿನ ಫಾರ್ಚೂನರ್ ಡೀಸೆಲ್‌ನ ತಿರುಗುಬಲ 500 ನ್ಯೂಟನ್ ಮೀಟರ್, ಮ್ಯಾನುಯಲ್ ಗೇರಿನದರಲ್ಲಿ 420, ಕೋಡಿಯಾಕ್‌ನದು 320. ಡೀಸೆಲ್ ಎಂಜಿನ್ ನಿಧಾನವಾಗಿ ಸುತ್ತುತ್ತಿರುವಾಗಲೇ ಈ ದೊಡ್ಡ ಬಲ ಒದಗುವುದರಿಂದ, ಭಾರ ತುಂಬಿಕೊಂಡು ಶಿರಾಡಿಯ ಏರಿನಲ್ಲಿ ಲಾರಿಯ ಹಿಂದೆ ನಿಧಾನವಾಗಿ ಸಾಗುವಾಗ ಫಾರ್ಚೂನರ್‌ಗೆ ಆಯಾಸವಾಗದು. ಆದರೆ ಅದು ಎರಡು ಟನ್ನಿಗೂ ಹೆಚ್ಚಿನ ತನ್ನದೇ ತೂಕವನ್ನು ಹೊರಬೇಕಾಗುವುದರಿಂದ, ತೆರೆದ ಹೆದ್ದಾರಿಯಲ್ಲಿ ಕೋಡಿಯಾಕ್ ಅದಕ್ಕಿಂತ ಹಿಂದೆ ಬೀಳುವುದಿಲ್ಲ; ತಿರುವುಗಳಲ್ಲಿ ತಗ್ಗಾದ ದೇಹದ ಕಾರಣ ಹೆಚ್ಚು ಸ್ಥಿರವಾಗಿಯೂ ಇರುತ್ತದೆ.

ಡೀಸೆಲ್ ಕೊಳ್ಳುವವರು ಶೋರೂಮಿನಲ್ಲಿ ಸಾಮಾನ್ಯವಾಗಿ ಕೇಳದಿರುವ, ಆದರೆ ಸೋಲದೇವನಹಳ್ಳಿಯಂತಹ ಊರಿನವರು ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಬಿಎಸ್6 ನಿಯಮದ ಡೀಸೆಲ್ ವಾಹನಗಳ ಹೊಗೆಕೊಳವೆಯಲ್ಲಿ ಮಸಿಯ ಕಣಗಳನ್ನು ಹಿಡಿದಿಡುವ ಡಿಪಿಎಫ್ ಎಂಬ ಶೋಧಕ ಇರುತ್ತದೆ. ಹಿಡಿದಿಟ್ಟ ಮಸಿಯನ್ನು ಅದು ಆಗಾಗ ಹೆಚ್ಚಿನ ಶಾಖದಲ್ಲಿ ಸುಟ್ಟುಕೊಳ್ಳಬೇಕು. ಆ ಶಾಖ ಸುಲಭವಾಗಿ ಏರುವುದು ಹೆದ್ದಾರಿಯ ಎಡೆಬಿಡದ ಓಟದಲ್ಲಿ. ಮಕ್ಕಳನ್ನು ಶಾಲೆಗೆ ಬಿಟ್ಟುಬರುವ, ಅಂಗಡಿಗೆ ಹೋಗಿಬರುವ ಮೂರು ನಾಲ್ಕು ಕಿಲೋಮೀಟರಿನ ಓಡಾಟವೇ ಹೆಚ್ಚಾದರೆ ಶೋಧಕ ಕಟ್ಟಿಕೊಳ್ಳುತ್ತ ಬಂದು ಎಚ್ಚರಿಕೆಯ ದೀಪ ಹೊತ್ತಿಕೊಳ್ಳುತ್ತದೆ. ವಾರಕ್ಕೊಮ್ಮೆಯಾದರೂ ತುಮಕೂರು ಹೆದ್ದಾರಿಯಲ್ಲಿ ದೂರ ಓಡುವ ಮನೆಯವರಿಗೆ ಇದು ಚಿಂತೆಯ ವಿಷಯವಲ್ಲ. ಹಾಗೆ ಓಡದವರು ಡೀಸೆಲ್‌ನಲ್ಲಿ ಉಳಿಯುವ ಹಣವನ್ನು ಮಾತ್ರ ಲೆಕ್ಕ ಹಾಕುವುದು ಅಪೂರ್ಣ ಲೆಕ್ಕವೆನ್ನದೆ ವಿಧಿಯಿಲ್ಲ.

ನಾಲ್ಕು ಚಕ್ರ ಚಾಲನೆಯ ವಿಷಯದಲ್ಲೂ ಹೆಸರು ಒಂದಾಗಿದ್ದು ಅರ್ಥ ಬೇರೆಯಾಗಿದೆ. ಕೋಡಿಯಾಕ್‌ನಲ್ಲಿ ಎಂಜಿನ್ನಿನ ಬಲವು ಅಗತ್ಯ ಕಂಡಾಗ ತಾನಾಗಿಯೇ ಹಿಂದಿನ ಚಕ್ರಗಳಿಗೂ ಹಂಚಿಕೆಯಾಗುತ್ತದೆ; ಮಳೆಯ ಡಾಂಬರು ರಸ್ತೆಯಲ್ಲಿ ಇದರಿಂದ ದೊರೆಯುವ ಹಿಡಿತ ಬೆಲೆಯುಳ್ಳದ್ದು. ಫಾರ್ಚೂನರ್‌ನ ನಾಲ್ಕು ಚಕ್ರ ಚಾಲನೆಯ ಮಾದರಿಯಲ್ಲಿ ಚಾಲಕನೇ ಅದನ್ನು ಆರಿಸಬೇಕು, ಕೆಸರಿನಿಂದ ಮೇಲೇಳಲು ಬೇಕಾದ ಅತಿ ನಿಧಾನದ ಲೋ ಗೇರು ಅದರಲ್ಲಿದೆ, ಒಣ ಡಾಂಬರಿನ ಮೇಲೆ ಅದನ್ನು ಬಳಸುವಂತಿಲ್ಲ. ಹಿಂದಿನ ಎರಡೇ ಚಕ್ರಗಳಿಗೆ ಬಲ ಕೊಡುವ ಫಾರ್ಚೂನರ್ ಮಾದರಿಗಳೂ ಇರುವುದರಿಂದ, ನೋಟದ ಗಟ್ಟಿತನ ಕಂಡು ಕೆಸರುಗದ್ದೆಗೆ ಇಳಿಸುವ ಮುನ್ನ ಮಾದರಿ ಯಾವುದೆಂದು ನೋಡಿಕೊಳ್ಳಬೇಕು.

ಸುರಕ್ಷತೆಯಲ್ಲಿ ಕೋಡಿಯಾಕ್ 2024ರಲ್ಲಿ ಯುರೋ ಎನ್‌ಸಿಎಪಿ ಸಂಸ್ಥೆಯ ಅಪಘಾತ ಪರೀಕ್ಷೆಯಲ್ಲಿಯೂ, ಫಾರ್ಚೂನರ್ ಅದಕ್ಕೂ ಹಲವು ವರ್ಷ ಮೊದಲು ಆಗ್ನೇಯ ಏಷ್ಯಾದ ಆಸಿಯಾನ್ ಎನ್‌ಸಿಎಪಿ ಪರೀಕ್ಷೆಯಲ್ಲಿಯೂ ಐದು ನಕ್ಷತ್ರ ಪಡೆದಿವೆ. ಸಂಸ್ಥೆ, ವರ್ಷ, ಪರೀಕ್ಷಾ ವಿಧಾನಗಳು ಬೇರೆಯಾಗಿರುವುದರಿಂದ ಈ ನಕ್ಷತ್ರಗಳನ್ನು ನೇರವಾಗಿ ಹೋಲಿಸುವುದು ಸರಿಯಲ್ಲ.

ಬೆಲೆಯ ವಿಷಯದಲ್ಲಿ ಕರ್ನಾಟಕದ ಕೊಳ್ಳುಗರು ಶೋರೂಂ ಬೆಲೆಗಿಂತ ಆನ್ ರೋಡ್ ಬೆಲೆಯನ್ನೇ ಮೊದಲು ಕೇಳುವುದು ಲೇಸು. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಜಿಎಸ್‌ಟಿ ಶೇ. 40ಕ್ಕೆ ನಿಗದಿಯಾಗಿದ್ದು, ಅದು ಶೋರೂಂ ಬೆಲೆಯಲ್ಲೇ ಸೇರಿರುತ್ತದೆ. ಅದರ ಮೇಲೆ, 20 ಲಕ್ಷ ರೂಪಾಯಿ ದಾಟಿದ ವಾಹನಕ್ಕೆ ರಾಜ್ಯವು ಶೇ. 18ರ ಆಜೀವ ತೆರಿಗೆಯನ್ನೂ, ಆ ತೆರಿಗೆಯ ಮೊತ್ತದ ಮೇಲೆ ಶೇ. 11ರ ಉಪಕರವನ್ನೂ ವಿಧಿಸುತ್ತ ಬಂದಿದೆ. 40 ಲಕ್ಷ ರೂಪಾಯಿಯ ವಾಹನವೆಂದು ಹಿಡಿದರೆ ತೆರಿಗೆ 7,20,000, ಉಪಕರ 79,200, ಒಟ್ಟು 7,99,200 ರೂಪಾಯಿ. ಅಂದರೆ ಒಂದು ಸಣ್ಣ ಕಾರಿನ ಬೆಲೆಯಷ್ಟು ಹಣ ನೋಂದಣಿಗೇ ಸಲ್ಲುತ್ತದೆ. ವಿಮೆ ಇದಕ್ಕೆ ಹೊರತು. ಮಾರಾಟಗಾರರು ಮೂಲದಲ್ಲೇ ಸಂಗ್ರಹಿಸುವ ಶೇ. 1ರ ಮೊತ್ತವು ಆದಾಯ ತೆರಿಗೆಯ ಲೆಕ್ಕಕ್ಕೆ ಜಮೆಯಾಗುವುದರಿಂದ ಅದರ ದಾಖಲೆಯನ್ನು ಜೋಪಾನವಾಗಿಡಬೇಕು. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಫಾರ್ಚೂನರ್ ತನ್ನ ಬೆಲೆಯನ್ನು ಬಹುಕಾಲ ಉಳಿಸಿಕೊಳ್ಳುವುದು ಪ್ರಸಿದ್ಧ ಸಂಗತಿ; ಐದಾರು ವರ್ಷಗಳಲ್ಲಿ ಮಾರುವ ಯೋಚನೆ ಇರುವವರಿಗೆ ಇದು ದೊಡ್ಡ ಅಂಶವಾಗಿದ್ದು, ಹದಿನೈದು ವರ್ಷ ಇಟ್ಟುಕೊಳ್ಳುವವರಿಗೆ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ.

ತೋಟವೋ ಹೊಲವೋ ಇದ್ದು ಕಚ್ಚಾದಾರಿಯನ್ನು ವಾರವಾರವೂ ತುಳಿಯುವ ಮನೆಗೆ ಫಾರ್ಚೂನರ್ ಸರಿಯಾದ ವಾಹನ. ಡಾಂಬರು ಬಿಟ್ಟು ಇಳಿಯದ, ಹಿರಿಯರೂ ಮಕ್ಕಳೂ ಕೂಡಿರುವ ಮನೆಗೆ ಕೋಡಿಯಾಕ್ ಹೆಚ್ಚು ಹಿತವಾದದ್ದು. ಉತ್ತರ ಬೆಂಗಳೂರಿನ ಹೊಸ ಬಡಾವಣೆಗಳ ಹಲವು ಮನೆಗಳು ಎರಡನೆಯ ಗುಂಪಿಗೆ ಸೇರಿದ್ದರೂ ಮೊದಲನೆಯ ವಾಹನದತ್ತಲೇ ಕಣ್ಣಿಡುತ್ತವೆ ಎಂಬುದು ಗಮನಾರ್ಹ. ಟೆಸ್ಟ್ ಡ್ರೈವಿಗೆ ಶೋರೂಮಿನವರು ಆರಿಸಿದ ನಯವಾದ ರಸ್ತೆಯನ್ನು ಒಪ್ಪಿಕೊಳ್ಳದೆ, ಎರಡೂ ವಾಹನಗಳನ್ನು ಸೋಲದೇವನಹಳ್ಳಿಯ ಮನೆಯ ಗೇಟಿನವರೆಗೆ ತರಿಸಿ, ಅದೇ ಏಳು ಜನರನ್ನು ಕೂರಿಸಿ, ಹೆಸರಘಟ್ಟ ರಸ್ತೆಯ ಅದೇ ಉಬ್ಬುಗಳ ಮೇಲೆ ಓಡಿಸುವುದು ಒಳ್ಳೆಯದು. ಆ ಅರ್ಧ ಗಂಟೆ ಮೂರನೆಯ ಸಾಲಿನಲ್ಲಿ ಮನೆಯ ಅತಿ ಎತ್ತರದ ವ್ಯಕ್ತಿ ಕೂರಬೇಕು, ಏಕೆಂದರೆ ಮೊಣಕಾಲು ಎದೆಯ ಮಟ್ಟಕ್ಕೆ ಬರುತ್ತದೆಯೇ ಎಂಬುದೂ, ಆ ಸಾಲನ್ನು ಬಳಸುವಾಗ ಡಿಕ್ಕಿಯಲ್ಲಿ ಎರಡು ಚೀಲಗಳಿಗಾದರೂ ಜಾಗ ಉಳಿಯುತ್ತದೆಯೇ ಎಂಬುದೂ ಆಗ ಮಾತ್ರ ತಿಳಿಯುತ್ತದೆ.