ಅಸಲಿತನದ ಹಟಕ್ಕೆ ಹಳೇ ಕಾರು ತೆರುವ ಬೆಲೆ

ಹಳೇ ಕಾರುಗಳ ಲೋಕದಲ್ಲಿ ‘ಒರಿಜಿನಲ್’ ಎಂಬ ಮಾತಿಗಿರುವ ತೂಕ ಬೇರೆ ಯಾವ ಮಾತಿಗೂ ಇಲ್ಲ. ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಕಾರು ಇಂದಿಗೂ ಹಾಗೆಯೇ ಕಾಣಬೇಕು ಎನ್ನುವುದು ಅದರ ಕಟ್ಟುನಿಟ್ಟಾದ ಅರ್ಥ. ಈ ಶಿಸ್ತು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಅಮೆರಿಕದ ಶೆವ್ರೊಲೆ ಕಾರ್ವೆಟ್ ಒಳ್ಳೆಯ ನಿದರ್ಶನ. ಆ ಕಾರಿನ ಅಭಿಮಾನಿಗಳು 1974ರಲ್ಲಿ ನ್ಯಾಷನಲ್ ಕಾರ್ವೆಟ್ ರೆಸ್ಟೋರರ್ಸ್ ಸೊಸೈಟಿ ಕಟ್ಟಿಕೊಂಡರು. ಅಲ್ಲಿನ ತೀರ್ಪುಗಾರರು ಬಣ್ಣದ ಅಂದ ನೋಡಿ ಸುಮ್ಮನಾಗುವವರಲ್ಲ. ಬೋಲ್ಟಿನ ತಲೆಯ ಮೇಲಿನ ಗುರುತು, ಪೈಪಿನ ಕ್ಲಾಂಪು, ಜೋಡಣೆಯ ಸಾಲಿನಲ್ಲಿ ಕೆಲಸಗಾರರು ಬಳಪದಿಂದ ಗೀಚಿದ ಗೆರೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಪೇಂಟು ಅಂದಿನ ಕಾರ್ಖಾನೆಯ ಕೆಲಸಕ್ಕಿಂತ ನುಣುಪಾಗಿದ್ದರೆ ಅದೂ ತಪ್ಪೇ. ಇಷ್ಟೊಂದು ಶ್ರದ್ಧೆಗೆ ಗೌರವ ಸಲ್ಲಲೇಬೇಕು. ಆದರೆ ಈ ಅಳತೆಗೋಲನ್ನು ಎಲ್ಲ ಹಳೇ ಕಾರುಗಳಿಗೂ ಹಿಡಿದರೆ ಹಣ ಖರ್ಚಾಗುವುದಷ್ಟೇ ಅಲ್ಲ, ಉಳಿಸಬೇಕೆಂದು ಹೊರಟ ಚರಿತ್ರೆಯೇ ಅಳಿಸಿಹೋಗುತ್ತದೆ ಎಂಬುದು ನನ್ನ ವಾದ.

ಎಂಜಿನ್ನಿನ ಒಂದು ಮೂಲೆಯನ್ನೇ ನೋಡಿ. ಕಾರ್ವೆಟ್ಟಿನ ವಿ8 ಎಂಜಿನ್ನಿನ ಬಲಬದಿಯ ಸಿಲಿಂಡರ್ ಹೆಡ್ಡಿನ ಮುಂದೆ ಒಂದು ಪುಟ್ಟ ಚಪ್ಪಟೆ ಜಾಗವಿದೆ. ಎಂಜಿನ್ನಿನ ಸಂಕೇತವನ್ನೂ ಕಾರಿನ ಕ್ರಮಸಂಖ್ಯೆಯನ್ನೂ ಒತ್ತಿರುವುದು ಅಲ್ಲಿ. ಆ ಸಂಖ್ಯೆ ಚಾಸಿಸ್ಸಿನ ಸಂಖ್ಯೆಗೆ ತಾಳೆಯಾದರೆ ಅದು ‘ಮ್ಯಾಚಿಂಗ್ ನಂಬರ್ಸ್’ ಕಾರು, ಬೆಲೆ ಗಗನಕ್ಕೇರುತ್ತದೆ. ಆ ಜಾಗದ ಮೇಲೆ ಕಾರ್ಖಾನೆಯ ಯಂತ್ರ ಬಿಟ್ಟುಹೋದ ಕೂದಲೆಳೆಯಂಥ ಸಮಾನಾಂತರ ಗೀರುಗಳನ್ನೂ ಪರಿಣತರು ಭೂತಗನ್ನಡಿ ಹಿಡಿದು ಹುಡುಕುತ್ತಾರೆ. ಆದರೆ ಸವೆದ ಎಂಜಿನ್ನನ್ನು ಸರಿಯಾಗಿ ಓವರ್‌ಹಾಲ್ ಮಾಡುವಾಗ ಬ್ಲಾಕಿನ ಮೇಲ್ಮೈಯನ್ನು ತುಸು ಹೆರೆದು ಸಮ ಮಾಡುವುದು ಮಾಮೂಲು. ಹಾಗೆ ಹೆರೆದಾಗ ಸಂಖ್ಯೆಯೂ ಗೀರುಗಳೂ ಒಟ್ಟಿಗೇ ಹೋಗುತ್ತವೆ. ಅಂದರೆ ಕಾರನ್ನು ಓಡಿಸಿ, ಪ್ರಾಮಾಣಿಕವಾಗಿ ರಿಪೇರಿ ಮಾಡಿಸಿಕೊಂಡವನಿಗೆ ನಷ್ಟ. ಬೇರೊಂದು ಬ್ಲಾಕಿಗೆ ಕಳ್ಳ ಸಂಖ್ಯೆ ಒತ್ತಿ, ಸುಳ್ಳು ಗೀರು ಎಳೆಯುವವನಿಗೆ ಲಾಭ. ಇಂಥ ಮರುಮುದ್ರೆಯ ದಂಧೆ ಇಂದು ಕೊಳ್ಳುವವರನ್ನೆಲ್ಲ ಕಾಡುವ ಭಯ.

ಬಹುಕಾಲ ಬಾಳಿದ ಯಂತ್ರ ಬಿಡಿಭಾಗ ಬದಲಿಸಿಕೊಳ್ಳದೆ ಇರಲಾರದು. ಇದನ್ನು ನ್ಯಾಯಾಲಯವೇ ತೂಗಿ ನೋಡಿದ ಪ್ರಸಂಗವಿದೆ. ‘ಓಲ್ಡ್ ನಂಬರ್ ಒನ್’ ಎಂದು ಹೆಸರಾದ ಬೆಂಟ್ಲಿ ಸ್ಪೀಡ್ ಸಿಕ್ಸ್ ಕಾರು 1929 ಮತ್ತು 1930ರ ಲೆ ಮಾನ್ಸ್ ಪಂದ್ಯಗಳನ್ನು ಗೆದ್ದಿತ್ತು. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ಭೀಕರ ಅಪಘಾತಕ್ಕೀಡಾಗಿ, ಮತ್ತೆ ಹೊಸ ಬಾಡಿ ಪಡೆಯಿತು. ದಶಕಗಳ ನಂತರ ಅದನ್ನು ಕೊಳ್ಳಲು ಒಪ್ಪಿದವರು, 1929ರ ಕಾರಿನದೆನ್ನುವಂಥದ್ದು ಇದರಲ್ಲಿ ಏನೂ ಉಳಿದಿಲ್ಲ ಎಂದು ತಕರಾರು ತೆಗೆದರು. 1990ರಲ್ಲಿ ಲಂಡನ್ನಿನ ಹೈಕೋರ್ಟ್ ಮಾರುವವರ ಪರ ತೀರ್ಪು ಕೊಟ್ಟಿತು. ಭಾಗಗಳು ಬದಲಾದರೂ ಕಾರಿನ ಚರಿತ್ರೆ ಎಲ್ಲೂ ಕಡಿಯದೆ ಹರಿದುಬಂದಿದೆ, ಆ ಹೆಸರಿಗೆ ಹಕ್ಕುದಾರನಾಗಬಲ್ಲ ಮತ್ತೊಂದು ಕಾರು ಇಲ್ಲ ಎಂಬುದು ಆ ತೀರ್ಪಿನ ತಿರುಳು. ಕಾರಿನ ಗುರುತು ನಿಂತಿರುವುದು ಅದು ಬಾಳಿಬಂದ ಬದುಕಿನ ಮೇಲೆ ಎಂದಾದರೆ, ಆ ಬದುಕಿನ ಗುರುತುಗಳನ್ನೆಲ್ಲ ಕೆರೆದುಹಾಕಿ ಮೊದಲ ದಿನಕ್ಕೆ ಒಯ್ಯುವ ಜೀರ್ಣೋದ್ಧಾರವನ್ನು ಅಸಲಿ ಎನ್ನುವುದು ಹೇಗೆ?

ಕಾರು ಒರಿಜಿನಲ್ ಆಗಿರುವುದು ಒಂದೇ ಸಲ ಎಂಬ ಮಾತು ಈ ವಲಯದಲ್ಲಿ ಚಾಲ್ತಿಯಲ್ಲಿದೆ. ಅದರ ಮರ್ಮ ಈಗೀಗ ಸಂಸ್ಥೆಗಳಿಗೂ ಮನವರಿಕೆಯಾಗುತ್ತಿದೆ. ಹಳೇ ವಾಹನ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ ರೂಪಿಸಿದ ಟ್ಯೂರಿನ್ ಸನ್ನದು, ಸ್ಮಾರಕಗಳ ರಕ್ಷಣೆಗೆ ದಾರಿ ಹಾಕಿಕೊಟ್ಟ 1964ರ ವೆನಿಸ್ ಸನ್ನದಿನ ಜಾಡಿನಲ್ಲೇ ನಡೆಯುತ್ತದೆ. ಮೊದಲು ಇರುವುದನ್ನು ಉಳಿಸಿ, ಅನಿವಾರ್ಯವಾದಲ್ಲಿ ಮಾತ್ರ ಬದಲಿಸಿ, ಬದಲಿಸಿದ್ದನ್ನು ದಾಖಲಿಸಿ ಎಂಬುದು ಅದರ ಸಾರ. ಕ್ಯಾಲಿಫೋರ್ನಿಯಾದ ಪೆಬಲ್ ಬೀಚಿನಲ್ಲಿ 1950ರಿಂದ ನಡೆದುಬಂದಿರುವ ಪ್ರತಿಷ್ಠಿತ ಪ್ರದರ್ಶನದಲ್ಲಿ ದಶಕಗಳ ಕಾಲ ಕನ್ನಡಿಯಂತೆ ಹೊಳೆಯುವ ಕಾರುಗಳದ್ದೇ ಮೇಲುಗೈ. 2024ರಲ್ಲಿ ಮೊದಲ ಬಾರಿಗೆ, ಹಳೆಯ ಬಣ್ಣ ಹಳೆಯ ಕಲೆಗಳನ್ನು ಹಾಗೆಯೇ ಉಳಿಸಿಕೊಂಡ 1934ರ ಬುಗಾಟ್ಟಿ ಟೈಪ್ 59 ಅತ್ಯುನ್ನತ ಪ್ರಶಸ್ತಿ ಗೆದ್ದಿತು. ಆ ತನಕ ಆ ವೇದಿಕೆಗಾಗಿ ಎಷ್ಟು ಕಾರುಗಳ ಮೂಲ ಬಣ್ಣ, ಚರ್ಮದ ಸೀಟು ತಿಪ್ಪೆ ಸೇರಿರಬಹುದು ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ.

ನಮ್ಮ ದೇಶದಲ್ಲಿ ಈ ಪ್ರಶ್ನೆಗೆ ಕಾನೂನಿನ ಮಗ್ಗುಲೂ ಇದೆ. 2021ರಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ, ಮೊದಲು ನೋಂದಣಿಯಾಗಿ 50 ವರ್ಷ ದಾಟಿದ ವಾಹನ ‘ವಿಎ’ ಅಕ್ಷರಗಳಿರುವ ವಿಂಟೇಜ್ ನಂಬರ್ ಪ್ಲೇಟ್ ಪಡೆಯಬಹುದು. ಆದರೆ ಅದು ಮೂಲ ರೂಪದಲ್ಲೇ ಇರಬೇಕು, ಚಾಸಿಸ್, ಬಾಡಿ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡು ಆಗಿರಕೂಡದು. ವಂಚನೆ ತಡೆಯಲು ಇಂಥ ಷರತ್ತು ಬೇಕು ನಿಜ. ಆದರೆ ಭಾರತದ ಹಳೇ ಕಾರುಗಳ ಕಥೆಯೇ ಬೇರೆ. ಆಮದಿನ ಬಾಗಿಲು ಮುಚ್ಚಿದ್ದ ದಶಕಗಳಲ್ಲಿ ಬಿಡಿಭಾಗ ಸಿಗದೆ, ಮೆಕ್ಯಾನಿಕ್‌ಗಳು ಇದ್ದುದರಲ್ಲೇ ಹೊಂದಿಸಿ ಕಾರುಗಳನ್ನು ರಸ್ತೆಯಲ್ಲಿ ಉಳಿಸಿದರು. ಪೆಟ್ರೋಲ್ ದುಬಾರಿಯಾದಾಗ ಎಷ್ಟೋ ಅಂಬಾಸಿಡರ್‌ಗಳಿಗೆ ಮ್ಯಾಟಡಾರ್ ವ್ಯಾನಿನ ಡೀಸೆಲ್ ಎಂಜಿನ್ ಬಂದು ಕೂತಿತು. ಅವರ ಆ ಜಾಣ್ಮೆಯೂ ನಮ್ಮ ಮೋಟಾರು ಚರಿತ್ರೆಯ ಒಂದು ಅಧ್ಯಾಯ. ಅದನ್ನು ಬರೀ ಕಲಬೆರಕೆ ಎಂದು ಬದಿಗೆ ಸರಿಸುವ ಅಳತೆಗೋಲು ನಮಗೆ ಒಗ್ಗುವುದಿಲ್ಲ.

ಸುರಕ್ಷತೆಯ ಲೆಕ್ಕವೂ ಇದೆ. ಅಂದಿನ ಅನೇಕ ಕಾರುಗಳಲ್ಲಿ ನಾಲ್ಕೂ ಚಕ್ರಗಳ ಬ್ರೇಕಿಗೆ ಒಂದೇ ಹೈಡ್ರಾಲಿಕ್ ಸರ್ಕ್ಯೂಟ್. ಒಂದು ಕಡೆ ಪೈಪು ಒಡೆದರೆ ಕಾಲಡಿಯ ಪೆಡಲ್ ಕುಸಿದು ಇಡೀ ಬ್ರೇಕೇ ಕೈಕೊಡುತ್ತದೆ. ಬ್ರೇಕ್ ಲೈನಿಂಗಿನಲ್ಲಿ ಶ್ವಾಸಕೋಶಕ್ಕೆ ವಿಷವಾಗುವ ಕಲ್ನಾರು ಇರುತ್ತಿತ್ತು. ಈಗ ಬಂಕುಗಳಲ್ಲಿ ಸಿಗುವ, ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು ಹಳೆಯ ರಬ್ಬರ್ ಪೈಪು, ಕಾರ್ಬ್ಯುರೇಟರಿನ ವಾಷರುಗಳನ್ನು ಹಾಳುಗೆಡವಬಲ್ಲದು. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲು ಸೋರಿದರೆ ಬೆಂಕಿಯೇ ಗತಿ. ಹಳೆಯ ನಮೂನೆಯ ಪೈಪೇ ಬೇಕೆಂದು ಹಟ ಹಿಡಿದವನು ಕಾರು ಓಡಿಸಲು ಹೆದರುತ್ತಾನೆ. ನಿಂತ ಕಾರಿನ ಸೀಲುಗಳು ಒಣಗುತ್ತವೆ, ಟ್ಯಾಂಕು ತುಕ್ಕು ಹಿಡಿಯುತ್ತದೆ.

ನನ್ನ ಈ ವಾದಕ್ಕೆ ಗಟ್ಟಿಯಾದ ಆಕ್ಷೇಪಗಳಿವೆ. ಸಡಿಲ ಬಿಟ್ಟರೆ ಯಾರು ಬೇಕಾದರೂ ಏನನ್ನಾದರೂ ಜೋಡಿಸಿ ಅಸಲಿ ಎಂದು ಮಾರುತ್ತಾರೆ ಎನ್ನುವವರಿದ್ದಾರೆ. ಆ ಭಯ ಸಹಜ. ಆದರೆ ಮರುಮುದ್ರೆಯ ದಂಧೆ ಬೆಳೆದದ್ದೇ ಅತಿ ಬಿಗಿಯಾದ ಮಾನದಂಡದ ನೆರಳಿನಲ್ಲಿ. ಯಾವ ಭಾಗವನ್ನು ಯಾವಾಗ, ಏಕೆ ಬದಲಿಸಲಾಯಿತು ಎಂಬ ಫೋಟೊ ಸಹಿತ ದಾಖಲೆಯಿದ್ದರೆ ಸುಳ್ಳು ಹೇಳುವುದು ಕಷ್ಟ, ನಿಜ ಹೇಳುವುದು ಲಾಭಕರ. ಮಾರ್ಪಾಡಿಗೆ ಅವಕಾಶ ಕೊಟ್ಟರೆ ಮುಂದಿನ ಪೀಳಿಗೆಗೆ ಸಾಕ್ಷ್ಯವೇ ಉಳಿಯದು ಎಂಬುದು ಇನ್ನೊಂದು ಆಕ್ಷೇಪ. ಅಪರೂಪದ, ಯಾರೂ ಕೈಹಚ್ಚದ ಕಾರುಗಳ ಮಟ್ಟಿಗೆ ಈ ಮಾತು ನೂರಕ್ಕೆ ನೂರು ಸರಿ. ಆದರೆ ಅಲ್ಲಿ ಕಟ್ಟುನಿಟ್ಟು ಎಂದರೆ ಮುಟ್ಟದೆ ಬಿಡುವುದು, ಹೊಸದರಂತೆ ಕಾಣುವ ಹಾಗೆ ಮಾಡುವುದಲ್ಲ. ಸಾವಿರಾರು ಸಂಖ್ಯೆಯಲ್ಲಿ ಉಳಿದಿರುವ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಿಗೆ ಅದೇ ನಿಯಮ ಹೇರಿದರೆ ಜೀರ್ಣೋದ್ಧಾರದ ಖರ್ಚು ಕಾರಿನ ಬೆಲೆಯನ್ನೇ ಮೀರಿ, ಸಾಮಾನ್ಯ ಮಾಲೀಕ ಗುಜರಿಯ ದಾರಿ ಹಿಡಿಯುತ್ತಾನೆ.

ಆದ್ದರಿಂದ ಬೇಕಾದದ್ದು ತರತಮದ ವಿವೇಕ. ಅಪರೂಪದ್ದನ್ನು ಮುಟ್ಟದೆ ಕಾಪಾಡೋಣ. ಉಳಿದವುಗಳಿಗೆ ಸುರಕ್ಷತೆಗೆ ಬೇಕಾದ ಬದಲಾವಣೆ ಮಾಡೋಣ, ಬೇಡವೆನಿಸಿದಾಗ ಬಿಚ್ಚಿ ಹಿಂದಿನಂತೆ ಮಾಡಲು ಬರುವ ಹಾಗೆ ಮಾಡೋಣ, ಕಳಚಿದ ಭಾಗವನ್ನು ಎಸೆಯದೆ ಜೋಪಾನವಾಗಿಡೋಣ. ವಿಂಟೇಜ್ ನೋಂದಣಿಯ ನಿಯಮವೂ ದಾಖಲೆಯಿರುವ ಹಳೆಯ ಮಾರ್ಪಾಡುಗಳಿಗೆ ಪ್ರತ್ಯೇಕ ವರ್ಗ ಕಲ್ಪಿಸಲಿ. ಪ್ರದರ್ಶನಗಳ ತೀರ್ಪುಗಾರರು ಹೊಳಪಿಗೆ ಕೊಡುವಷ್ಟೇ ಅಂಕವನ್ನು ಪ್ರಾಮಾಣಿಕ ದಾಖಲೆಗೂ, ಕಾರು ತಾನೇ ಓಡಿಕೊಂಡು ಬಂದದ್ದಕ್ಕೂ ಕೊಟ್ಟರೆ ಮಾಲೀಕರ ಹಣ, ಶ್ರಮ ಎರಡೂ ಸರಿಯಾದ ಕಡೆ ಹರಿಯುತ್ತವೆ.